ತುಂಬಿದ ಟ್ಯಾಂಕಿನಿಂದ ತುಂಬಿದ ಟ್ಯಾಂಕಿಗೆ

ಭೀಮನಬೀಡಿನ ನಾಗಯ್ಯ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಯಾವ ಡ್ರೈವರ್ ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರ್ ತೆಗೆದ ಎಂದು ಡಿಪೋದ ಹಲಗೆಯ ಮೇಲೆ ತಿಂಗಳು ತಿಂಗಳೂ ಬರೆಯುತ್ತಿದ್ದರು. ಅದರಲ್ಲಿ ನಾಗಯ್ಯನ ಹೆಸರು ಮೇಲಿನ ಮೂರರಿಂದ ಕೆಳಗಿಳಿದದ್ದು ಅಪರೂಪ. ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಕ್ಲಚ್ ಬಿಡುತ್ತಿದ್ದ. ಒಂದು ಆಗಸ್ಟ್ ಹದಿನೈದರಂದು ಅವನಿಗೆ ಶಾಲು ಹೊದಿಸಿದ್ದರು. ಆ ಶಾಲು ಇನ್ನೂ ಟ್ರಂಕಿನಲ್ಲಿದೆ.

ನಿವೃತ್ತಿಯಾದ ಮರುವರ್ಷವೇ ಹೆಂಡತಿ ಸೋಮಮ್ಮನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಚಾಮರಾಜನಗರದಲ್ಲಿ ಡಯಾಲಿಸಿಸ್. ಅವಳು ಎರಡು ಬಾರಿ ಬಸ್ಸಿನಲ್ಲೇ ತಲೆಸುತ್ತಿ ಬಿದ್ದಳು. ಆಮೇಲೆ ನಾಗಯ್ಯ ಹಳೆಯದೊಂದು ಸಣ್ಣ ಕಾರು ತಂದ.

ಗುಂಡ್ಲುಪೇಟೆಯ ಪೆಟ್ರೋಲ್ ಬಂಕಿನ ಪಕ್ಕದ ಟೀ ಅಂಗಡಿಯಲ್ಲಿ ಹಳೆಯ ಡಿಪೋದ ಜೊತೆಗಾರ ಚಿಕ್ಕಬಸವಯ್ಯ ಸಿಗುತ್ತಿದ್ದ. ಅವನ ಬಳಿಯೂ ಅದೇ ಜಾತಿಯ ಕಾರು.

"ಎಷ್ಟು ಕೊಡ್ತದ್ಲಾ ನಿಂದು?"

"ಇಪ್ಪತ್ತೆರಡು."

"ನಂದು ಇಪ್ಪತ್ನಾಕು ಕಣ್ಲಾ! ಬಸ್ಸಲ್ಲಿ ಶಾಲು ಹೊದ್ಕಂಡೋನಿಗೆ ಈ ಡಬ್ಬಿ ಓಡ್ಸಕೆ ಬರಾಕಿಲ್ವಲ್ಲ!"

ಸುತ್ತ ಕೂತವರು ನಕ್ಕರು. ನಾಗಯ್ಯನೂ ನಕ್ಕ. ಆದರೆ ಅಂದೇ ಟ್ಯಾಂಕನ್ನು ಕಂಠದವರೆಗೆ ತುಂಬಿಸಿ, ಮೀಟರನ್ನು ಸೊನ್ನೆಗೆ ತಂದ. ಈ ಟ್ಯಾಂಕು ಮುಗಿದು ಮತ್ತೆ ತುಂಬಿಸುವಾಗ ಇಪ್ಪತ್ತೈದು ಬರಲೇಬೇಕು. ಅದಕ್ಕೆ ಚಾಮರಾಜನಗರಕ್ಕೆ ಏಳು ಸಲ ಹೋಗಿಬರಬೇಕು, ಮೂರು ವಾರಕ್ಕೂ ಮೇಲೆ. ಎ.ಸಿ. ಹಾಕಲಿಲ್ಲ. ಗಾಳಿ ಹಿಡಿದರೆ ಮೈಲೇಜು ಬೀಳುತ್ತದೆಂದು ಗಾಜನ್ನೂ ಇಳಿಸಲಿಲ್ಲ. ಡಯಾಲಿಸಿಸ್ ಮುಗಿಸಿ ಬರುವಾಗ ಸೋಮಮ್ಮ ಬೆವೆತ ಹಣೆಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಕೂರುತ್ತಿದ್ದಳು.

ಎರಡನೇ ಸಲ ಬರುವಾಗ, ಹರವೆಗೆ ತಿರುಗುವ ಕಡೆ ಅವಳು ಕೇಳಿದಳು: "ಇಂಗೇ ಅರವೆಗೆ ಹೋಗಿ ಬರನ. ಅಕ್ಕ ಮೂರು ದಿನದಿಂದ ಅನ್ನ ಮುಟ್ಟಿಲ್ವಂತೆ."

ಅಕ್ಕ ಎಂದರೆ ಕರಿಯಮ್ಮ. ತಾಯಿ ಸತ್ತ ಮೇಲೆ ಸೋಮಮ್ಮನನ್ನು ಎತ್ತಿ ಸಾಕಿದವಳು.

"ಒಳರಸ್ತೆ ಎಲ್ಲಾ ಗುಂಡಿ ಕಣಮ್ಮಿ. ಎರಡನೇ ಗೇರಲ್ಲೇ ಹೋಗ್ಬೇಕು. ಲೆಕ್ಕ ಎಲ್ಲಾ ಕೆಟ್ಟೋಯ್ತದೆ. ಈ ಟ್ಯಾಂಕು ಮುಗೀಲಿ ಬುಡು, ಆಮ್ಯಾಕೆ ನಿತ್ಯ ಬೇಕಾದ್ರೂ ಕರ್ಕಂಡೋಯ್ತೀನಿ."

ಐದನೇ ಸಲವೂ ಅವಳು ಕೇಳಿದಳು. "ಇನ್ನೆರಡೇ ಸಲ" ಎಂದ. ಆರನೇ ಸಲ ಅವಳು ತಿರುವು ಬಂದಾಗ ಆ ಕಡೆಯ ಕಿಟಕಿಗೆ ಹಣೆ ಒತ್ತಿ ಕೂತಳು, ಅಷ್ಟೆ.

ಏಳನೇ ಸಲ ಡಯಾಲಿಸಿಸ್ ಮುಗಿಸಿಕೊಂಡು ಗುಂಡ್ಲುಪೇಟೆಯ ಬಂಕಿಗೆ ಬಂದರು. ಟ್ಯಾಂಕಿನೊಳಗಿನ ಗಾಳಿ ಹೊರಬಿದ್ದರೆ ಲೆಕ್ಕ ಸರಿಯಾಗುತ್ತದೆಂದು ನಾಗಯ್ಯ ಕಾರನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸಿದ. ಒಳಗೆ ಸೋಮಮ್ಮ ಸೂಜಿ ಚುಚ್ಚಿದ ಕೈಯನ್ನು ಎದೆಗೊತ್ತಿಕೊಂಡು ಅತ್ತಿಂದಿತ್ತ ತೂಗಿದಳು. ಆರುನೂರ ಎಂಬತ್ತು ಕಿಲೋಮೀಟರಿಗೆ ಇಪ್ಪತ್ತೇಳು ಲೀಟರ್. ಇಪ್ಪತ್ತೈದು ದಾಟಿತ್ತು!

"ಏ ಸೋಮಿ, ಬಂತು ಕಣಮ್ಮಿ! ಈಗ್ಲೇ ಅರವೆಗೆ ಹೋಗನ ನಡಿ" ಎಂದು ಬಾಗಿಲು ತೆಗೆದ. ಸೋಮಮ್ಮ ಫೋನನ್ನು ಕಿವಿಯಿಂದ ಕೆಳಗಿಳಿಸುತ್ತಿದ್ದಳು. ಕರಿಯಮ್ಮನ ಸೊಸೆ ವನಿತಾ ಮಾಡಿದ್ದಳು. ಅಕ್ಕ ಹೋಗಿ ಅರ್ಧ ಗಂಟೆಯಾಗಿತ್ತು. ಅವರ ಕಾರು ಹರವೆಯ ತಿರುವು ದಾಟಿದ ಹೊತ್ತೂ ಹೆಚ್ಚುಕಡಿಮೆ ಅದೇ.

ಕಾರು ಬಂದ ದಾರಿಯಲ್ಲೇ ಹಿಂದಿರುಗಿತು. ನಾಗಯ್ಯ ಹೆದರಿದಷ್ಟು ಗುಂಡಿಗಳು ಆ ಒಳರಸ್ತೆಯಲ್ಲಿ ಇರಲಿಲ್ಲ. ಬಾಗಿಲಲ್ಲಿ ವನಿತಾ, "ಚಿಕ್ಕತ್ತೆ, ಬೆಳಿಗ್ಗೆಯಿಂದ ಕಾರಿನ ಸದ್ದಾದಾಗ್ಲೆಲ್ಲ 'ಸೋಮಿ ಬಂದ್ಲಾ' ಅಂತಿದ್ರು" ಎಂದು ಅತ್ತಳು. ಸೋಮಮ್ಮ ಅಕ್ಕನ ಪಕ್ಕ ಕೂತು, ಹಣೆಯ ವಿಭೂತಿ ಅಳಿಸದಂತೆ ಮುಖ ಸವರಿದಳು.

ಮಣ್ಣು ಮುಗಿಸಿ ಹೊರಟಾಗ ಸಂಜೆ ಕವಿಯುತ್ತಿತ್ತು. ಮುಂದಿನ ಗಾಜಿನ ಕೆಳಗೆ ಮಾದಪ್ಪನ ಪಟವಿತ್ತು. ನಾಗಯ್ಯನಿಗೆ ಅತ್ತ ನೋಡಲು ಧೈರ್ಯ ಬರಲಿಲ್ಲ. ಕೈ ಚಾಚಿ ಹೆಂಡತಿಯ ಕಡೆಯ ಗಾಜನ್ನು ಪೂರ್ತಿ ಇಳಿಸಿದ. ತಣ್ಣನೆ ಗಾಳಿ ಒಳಗೆ ನುಗ್ಗಿತು.

ಸ್ವಲ್ಪ ದೂರ ಹೋದ ಮೇಲೆ ಸೋಮಮ್ಮ, "ಏರಿಸ್ಬುಡು. ಮೈಲೇಜು ಬಿದ್ದೋಯ್ತದೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಮಾತೂ ಅದಾಗಿರಲಿಲ್ಲ. ಮೂರು ವಾರದಿಂದ ಗಂಡನ ಬಾಯಲ್ಲಿ ಕೇಳಿ ಕೇಳಿ ಅವಳಿಗೆ ಅದು ರೂಢಿಯಾಗಿಬಿಟ್ಟಿತ್ತು.