ನಿಂತು ಪುರಾಣ ಕೇಳಿದ ಸಂಗಪ್ಪ

ಸಂಗಪ್ಪ ಎರಡು ವರ್ಷ ನನ್ನ ಪುರಾಣ ಕೇಳಿದ. ಒಂದು ದಿನವೂ ಕುಳಿತು ಕೇಳಲಿಲ್ಲ. ಡೊಂಬಿವಲಿ ಪೂರ್ವದ ನಮ್ಮ ಮಾರುತಿ ಗುಡಿಯಲ್ಲಿ ಶನಿವಾರ ಸಂಜೆ ಜಮಖಾನ ಹಾಸಿದೊಡನೆ ಉಳಿದವರೆಲ್ಲ ಗೋಡೆಗೊರಗುವ ಜಾಗಕ್ಕಾಗಿ ಸಾತ್ತ್ವಿಕವಾಗಿಯೇ ನೂಕಾಡುತ್ತಿದ್ದರೆ, ಇವನು ಹಿಂದೆ ಹೋಗಿ ಕೈಕಟ್ಟಿ ನಿಂತುಬಿಡುತ್ತಿದ್ದ. ನನ್ನ ಪ್ರವಚನ ಎರಡು ತಾಸಿನದು. ಒಂದು ತಾಸು ಕಳೆಯುವಷ್ಟರಲ್ಲಿ ಕುಳಿತವರಲ್ಲಿ ಅರ್ಧ ಮಂದಿ ಯೋಗನಿದ್ರೆಗೆ ಸಂದಿರುತ್ತಿದ್ದರು. ಕಣ್ಣು ತೆರೆದಿರುತ್ತಿದ್ದವನು ಇವನೊಬ್ಬನೇ. ಅದನ್ನು ನಾನು ನನ್ನ ವಾಗ್ವೈಭವದ ಫಲವೆಂದೇ ಬಗೆದಿದ್ದೆ; ಭಗವಂತ ಕ್ಷಮಿಸಲಿ.

ನಿಜಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ. ವಿಜಯಪುರದ ಕಡೆಯ ಸಂಗಪ್ಪ ನಮ್ಮ ಪಕ್ಕದ ಕಲ್ಯಾಣದ ಒಂದು ಗೋದಾಮಿನಲ್ಲಿ ಹಮಾಲ. ಹತ್ತೊಂಬತ್ತನೆಯ ವಯಸ್ಸಿನಿಂದ ಲಾರಿಯ ಚೀಲಗಳನ್ನು ಸೊಂಟ ಬಗ್ಗಿಸಿ ಎತ್ತಿ, ಎತ್ತಿದ ಭರದಲ್ಲೇ ಎಡಕ್ಕೆ ತಿರುಗಿ ಎಸೆದವನು. ಅವರ ಟೋಳಿಯಲ್ಲಿ, ಎಂದರೆ ಹಮಾಲರ ತಂಡದಲ್ಲಿ, ಒಬ್ಬೊಬ್ಬನಿಗೆ ಒಂದೊಂದು ಮಗ್ಗುಲು ನಿಗದಿಯಾಗಿರುತ್ತದೆ. ಅದನ್ನು ಬದಲಿಸುವ ಪದ್ಧತಿಯಿಲ್ಲ. ಹೀಗೆ ಇಪ್ಪತ್ತಾರು ತುಂಬುವ ಮುನ್ನವೇ ಅವನ ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಗಳು ಸವೆದುಹೋಗಿದ್ದವು. ನಿಂತರೆ ತಡೆದುಕೊಳ್ಳಬಹುದು, ಕುಳಿತರೆ ನೋವು ಎಡಗಾಲಿನವರೆಗೂ ಇಳಿಯುತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಟೋಳಿಯ ಮುಕಾದಮ ನಿಂಗಣ್ಣ ಪ್ರತಿ ಶನಿವಾರ ತನ್ನ ಆಳುಗಳನ್ನೆಲ್ಲ ಕರೆತಂದು ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಬೆನ್ನು ಹೋದವನೆಂದು ತಿಳಿದರೆ ಮರುದಿನವೇ ಸಂಗಪ್ಪನ ಕೆಲಸ ಹೋದಂತೆ.

ಈ ನಿಲುವಿಗೆ ಮೊದಲು ಅರ್ಥ ಹಚ್ಚಿದವರು ಉಡುಪಿ ಹೋಟೆಲಿನ ಶಾರದಕ್ಕ.

"ಅದು ವ್ರತ, ಆಚಾರ್ರೆ. ರಾಮದೇವರ ಎದುರು ಹನುಮಂತ ದೇವರು ಕಾಲು ಚಾಚಿ ಕೂತದ್ದುಂಟಾ?"

ಇಷ್ಟು ಸಾಕಾಯಿತು. ಮುಂದಿನ ಶನಿವಾರ ನಾನು ವ್ಯಾಸಪೀಠದಿಂದಲೇ ಸಂಗಪ್ಪನ ನಿಷ್ಠೆಯನ್ನು ಅರ್ಧ ತಾಸು ಕೊಂಡಾಡಿದೆ. ಆಮೇಲೆ ತಾಯಂದಿರು ಮಕ್ಕಳಿಂದ ಅವನಿಗೆ ಕೈಮುಗಿಸತೊಡಗಿದರು. ಮೊದಲ ತೀರ್ಥ ಅವನಿಗೇ ಸಲ್ಲತೊಡಗಿತು. ಕಲ್ಯಾಣದ ಲೋಕಲ್ ರೈಲಿನಲ್ಲಿ ಸಿಕ್ಕಿದ ಸೀಟನ್ನು ಅವನು ಯಾರು ಯಾರಿಗೋ ಬಿಟ್ಟುಕೊಡುತ್ತಾನೆಂಬ ವಾರ್ತೆ ಬಂದಾಗಲಂತೂ ಅವನ ಮಹಿಮೆಯಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಆ ಗಾಡಿಯಲ್ಲಿ ಸೀಟು ಬಿಡುವವನು ಸಾಮಾನ್ಯ ಮನುಷ್ಯನಾಗಿರಲು ಸಾಧ್ಯವೇ?

"ಎಷ್ಟು ದಿನದ ಸಂಕಲ್ಪ ಮಾರಾಯ?" ಎಂದು ನಾನೊಮ್ಮೆ ಕೇಳಿದೆ.

ಅವನು ಮುಕಾದಮನ ಕಡೆ ಓರೆಗಣ್ಣು ಹಾಯಿಸಿ, "ಹನಮಪ್ಪ ಎಷ್ಟು ದಿನ ನಿಂದರಸ್ತಾನೋ ಅಷ್ಟು ದಿನರೀ, ಆಚಾರ್ರ" ಎಂದ. ಉತ್ತರದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹನುಮಜ್ಜಯಂತಿ ಬಂತು. ಮಧ್ಯಾಹ್ನದ ಪಂಕ್ತಿಯಲ್ಲಿ ಎಲ್ಲರೆದುರು ಅವನ ವ್ರತವನ್ನು ಸಂಪನ್ನಗೊಳಿಸಬೇಕೆಂಬ ಹುಮ್ಮಸ್ಸು ನನಗೆ. ಮುಕಾದಮನ ಪಕ್ಕದಲ್ಲೇ ಎಲೆ ಹಾಕಿಸಿದೆ.

"ಬ್ಯಾಡ್ರಿ ಆಚಾರ್ರ, ನಾ ನಿಂತ ಉಣತೀನಿ."

"ಪ್ರಸಾದವನ್ನು ನಿಂತು ಉಣ್ಣುವುದುಂಟೇನೋ? ವ್ರತ ಇವತ್ತಿಗೆ ಮುಗಿಯಿತು ಮಾರಾಯ, ಕೂತ್ಕೊ" ಎಂದು ಹೆಗಲು ಹಿಡಿದು ನಾನೇ ಕೂರಿಸಿದೆ. ಆ ಹೊತ್ತು ಅವನು ನನ್ನತ್ತ ನೋಡಿದ ನೋಟವನ್ನು ಕೃತಜ್ಞತೆಯೆಂದು ತಿಳಿದ ಪಂಡಿತ ನಾನು.

ಊಟ ಮುಗಿಯಿತು, ಎಲ್ಲರೂ ಎದ್ದರು. ಸಂಗಪ್ಪ ಏಳಲಿಲ್ಲ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕುಳಿತೇ ಇದ್ದ.

"ಸಮಾಧಿಗೆ ಹೋದ ಹಾಗೆ ಉಂಟು" ಎಂದು ಶಾರದಕ್ಕ ಪಿಸುಗುಟ್ಟಿದರು.

ಅವನ ಹಣೆಯ ಬೆವರನ್ನು ಕಂಡ ನಿಂಗಣ್ಣನಿಗೆ ಮಾತ್ರ ಯಾವ ಭ್ರಾಂತಿಯೂ ಆಗಲಿಲ್ಲ. ಪಕ್ಕದಲ್ಲಿ ಮೊಣಕಾಲೂರಿ ಕೇಳಿದ:

"ಎಷ್ಟು ದಿನ ಆತಲೇ?"

"ಎರಡು ವರ್ಷರೀ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಟೋಳ್ಯಾಗಿಂದ ತೆಗೀತಿದ್ರಿ."

"ಹೂಂ, ತೆಗೀತಿದ್ದೆ." ಹೀಗೆಂದವನೇ ನಿಂಗಣ್ಣ ತನ್ನ ಅಂಗಿಯ ಗುಂಡಿಗಳನ್ನು ಬಿಚ್ಚಿದ. ಒಳಗೆ, ಬನಿಯನ್ನಿನ ಮೇಲೆ ಬಿಗಿದಿದ್ದ ಅಗಲವಾದ ಸೊಂಟದ ಪಟ್ಟಿಯನ್ನು ಕಳಚಿ ಸಂಗಪ್ಪನ ನಡುವಿಗೆ ಸುತ್ತಿದ. "ನಾನೂ ನಮ್ಮ ಮುಕಾದಮಗ ಹೇಳಿದ್ದಿಲ್ಲೋ ಮಗನ" ಎಂದ.

ನಾನೂ ನಿಂಗಣ್ಣನೂ ಸೇರಿ ಅವನನ್ನು ಆಸ್ಪತ್ರೆಗೆ ಒಯ್ದೆವು. ಸ್ಕ್ಯಾನ್ ತೆಗೆಸಿ ನೋಡಿದ ಡಾಕ್ಟರಮ್ಮ, ಬೆನ್ನಿನ ಕೆಳಭಾಗದ ಎರಡು ಮೆತ್ತೆಗಳು ಅರವತ್ತು ವರ್ಷದವರ ಮೆತ್ತೆಗಳಂತೆ ಒಣಗಿವೆ, ಇನ್ನು ಚೀಲ ಮುಟ್ಟಕೂಡದು ಎಂದರು. ಕೂರಿಸಿದವನು ನಾನೇ ಎಂದು ಅರವತ್ತರ ನಾನು ಡಾಕ್ಟರಮ್ಮನೆದುರು ಹಲುಬತೊಡಗಿದೆ. ಮಂಚದ ಮೇಲೆ ಮಲಗಿದ್ದವನೇ ನನ್ನನ್ನು ಸಂತೈಸಬೇಕಾಯಿತು:

"ಹಂಗಾರ ನನ್ನ ಬೆನ್ನು ನಿಮ್ಮ ವಾರಿಗಿ ಆತಲ್ರಿ, ಆಚಾರ್ರ. ಇನ್ನ ಮ್ಯಾಲ ಅದರ ಕೂಡ ಬಹುವಚನದಾಗ ಮಾತಾಡ್ರಿ."

ಟೋಳಿ ಅವನನ್ನು ಬಿಟ್ಟುಕೊಡಲೇಬೇಕಾಯಿತು. ಹೊರೆ ಹೊರಲಾರದವನನ್ನು ಇಟ್ಟುಕೊಳ್ಳುವುದು ನಿಂಗಣ್ಣನಿಗೂ ಸಾಧ್ಯವಿರಲಿಲ್ಲ. ಆದರೆ ಘಣಸೋಲಿಯ ಹೊಸ ಕಟ್ಟಡವೊಂದರಲ್ಲಿ ಕಾವಲಿನ ಕೆಲಸ ಹುಡುಕಿಕೊಟ್ಟವನೂ ಅವನೇ. ಹನುಮಜ್ಜಯಂತಿಯ ಮುಂದಿನ ಶನಿವಾರ ನಾನು ವ್ಯಾಸಪೀಠದಿಂದ ನನ್ನ ತಪ್ಪನ್ನು ಒಪ್ಪಿಕೊಂಡೆ. ಸಭೆ ಅದನ್ನು ನನ್ನ ವಿನಯವೆಂದು ತಿಳಿದು ತಲೆದೂಗಿತು.

ಕೆಲವು ತಿಂಗಳ ನಂತರ ಘಣಸೋಲಿಗೆ ಹೋದೆ. ಗೇಟಿನಲ್ಲಿ ಸಂಗಪ್ಪ ಖಾಕಿ ತೊಟ್ಟು ನಿಂತಿದ್ದ. ನೀರಿನ ಜಾರನ್ನು ಬಗ್ಗಿ ಎತ್ತಲು ಹೊರಟ ಒಬ್ಬ ತರುಣ ನಿವಾಸಿಯನ್ನು ಗದರುತ್ತಿದ್ದ: "ಅರೇ ಸಾಬ್, ಕಮರ್ ಸೇ ನಹೀ! ಘುಟನಾ ಮೋಡೋ, ಘುಟನಾ!" ತರುಣ ತೆಪ್ಪಗೆ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಎತ್ತಿದ.

"ಈ ಬಿಲ್ಡಿಂಗಿನ ಪೋರಗೋಳ ಬೆನ್ನೂ ಹಂಗೇ ಅವರೀ" ಎಂದು ಸಂಗಪ್ಪ ನನಗೆ ತಿಳಿಸಿದ. "ನಾವು ಎತ್ತಿ ಎತ್ತಿ ಕಳಕೊಂಡ್ವಿ, ಇವರು ಕಂಪ್ಯೂಟರ್ ಮುಂದ ಗೂನಾಗಿ ಕುಂತು ಕುಂತು."

ಆಮೇಲೆ ದನಿ ತಗ್ಗಿಸಿದ. "ನನ್ನ ಜಾಗಕ್ಕ ಹತ್ತೊಂಬತ್ತರಾಂವ ಒಬ್ಬ ಬಂದಾನಂತರೀ. ಅವನ್ನೂ ಎಡಮಗ್ಗಲಕ್ಕ ನಿಂದರಿಸ್ಯಾರಂತ. ನಿಂಗಣ್ಣಗ ಹೇಳ್ರಿ ಆಚಾರ್ರ, ವಾರಕ್ಕೊಮ್ಮಿ ಮಗ್ಗಲಾ ಬದಲಿಸು ಅಂತ. ನಾ ಹೇಳಿದ್ರ ನಗ್ತಾನ. ಪುರಾಣದಾಗ ಬಂದದ ಅಂತ ನೀವು ಹೇಳಿದ್ರ ಕೇಳ್ತಾನ."

ಅರವತ್ತು ವರ್ಷ ಶಾಸ್ತ್ರದಲ್ಲಿ ಇಲ್ಲದ್ದನ್ನು ಇದೆಯೆಂದು ಹೇಳದವನು ನಾನು. ಹೇಳುತ್ತೇನೆಂದು ಮಾತು ಕೊಟ್ಟೆ; ಮುಂದಿನ ಶನಿವಾರ, ಲಂಕೆಗೆ ಸೇತುವೆ ಕಟ್ಟುವಾಗ ಕಪಿಗಳು ಬಂಡೆ ಹೊತ್ತ ಕ್ರಮವನ್ನು ವಿವರಿಸುತ್ತ ಹೇಳಿಯೂ ಬಿಟ್ಟೆ. ನಿಂಗಣ್ಣ ಬೆರಳಿನಲ್ಲಿ ವಾರಗಳನ್ನು ಲೆಕ್ಕ ಹಾಕಿಕೊಂಡದ್ದನ್ನು ಕಣ್ಣಾರೆ ಕಂಡೆ. ಈ ಸುದ್ದಿಯನ್ನು ಸಂಗಪ್ಪನಿಗೆ ಮುಟ್ಟಿಸಲು ಮತ್ತೆ ಘಣಸೋಲಿಗೆ ಹೋದಾಗ ಗೇಟಿನಲ್ಲಿ ಬೇರೊಬ್ಬನಿದ್ದ. ಸಂಗಪ್ಪ ಎಲ್ಲಿಗೆ ಹೋದನೆಂದು ಅವನಿಗೂ ತಿಳಿಯದು.

ಹೀಗಾಗಿ ಅಂದಿನ ಭೇಟಿಯೇ ಕೊನೆಯದಾಯಿತು. ಅಂದು ನಾನು ಹೊರಡುವಾಗ ಅವನು ನನ್ನ ಕಾಲು ಮುಟ್ಟಲು ಬಂದಿದ್ದ. "ಬಗ್ಗಬೇಡಪ್ಪ" ಎಂದು ತಡೆದೆ. ಅವನು ನನಗಿಂತ ಒಂದು ತಲೆ ಎತ್ತರ; ತಲೆಯ ಮೇಲೆ ಕೈಯಿಡಲು ನಾನೇ ತುದಿಗಾಲಿನಲ್ಲಿ ನಿಂತೆ. ಅವನು ಮಿಸುಕದೆ ಆಶೀರ್ವಾದ ಪಡೆದು, ನನ್ನ ಮೊಣಕೈಗೆ ಆಸರೆ ಕೊಟ್ಟ.

"ಸಾವಕಾಶ ಇಳೀರಿ, ಆಚಾರ್ರ. ಸೊಂಟ ಉಳಕೀತು."