ಬೋಟಿನಲ್ಲಿ ಮುಗಿದ ಪಾಠಗಳು

ಹೊನ್ನಾವರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹಾಗೆಂದು ಹೇಳಿಕೊಳ್ಳಲು ಈಗೀಗ ನಾಚಿಕೆಯಾಗುತ್ತದೆ. ನಾವು ರೆಕಾರ್ಡ್ ಮಾಡಿದ ಪಾಠದ ವಿಡಿಯೋವನ್ನು ಮಕ್ಕಳು ಮನೆಯಲ್ಲೇ ನೋಡಿ ಬರಬೇಕು, ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡಬೇಕು ಎಂಬ ಹೊಸ ಪದ್ಧತಿ ಬಂದಾಗ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಗಂಟಲಿಗೆ ಪೆನ್ಶನ್ ಸಿಕ್ಕಿತೆಂದು ನಕ್ಕಿದ್ದರು. ವಿಡಿಯೋ ಮುಗಿಸದವರಿಗೆ ಆ ಮಾತಿನ ಕ್ಲಾಸಿಗೆ ಪ್ರವೇಶವಿಲ್ಲ ಎಂಬ ನಿಯಮವೂ ಬಂತು.

ಹತ್ತಿರದ ಮಂಕಿ ಎಂಬ ಊರಿನ ಮೀನುಗಾರರ ಮನೆಯ ಹುಡುಗಿಯೊಬ್ಬಳು ಆ ಕ್ಲಾಸಿಗಾಗಿ ಕಾಯುತ್ತಿದ್ದಳು. ಅವಳಿಗೆ ಟೀಚರ್ ಆಗಬೇಕು. ಇಂಗ್ಲಿಷಿನಲ್ಲಿ ಬಾಯಿ ಬಿಡಲು ಅವಳಿಗಿದ್ದ ಜಾಗ ಅದೊಂದೇ. ತಡವರಿಸುತ್ತಿದ್ದಳು, ಉಳಿದವರು ಕಿಸಕ್ಕೆಂದರೂ ನಿಲ್ಲಿಸುತ್ತಿರಲಿಲ್ಲ. ಆದರೆ ವಿಡಿಯೋದಲ್ಲಿದ್ದುದನ್ನು ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಯಾರು ಎಷ್ಟು ವಿಡಿಯೋ ಮುಗಿಸಿದ್ದಾರೆಂದು ತೋರಿಸುವ ಕಾಲೇಜಿನ ಕಂಪ್ಯೂಟರಿನಲ್ಲಿ ನೋಡಿದರೆ ಅವಳ ಪಾಠಗಳೆಲ್ಲ ಪೂರ್ತಿಯಾಗಿದ್ದವು.

ಒಂದು ದಿನ ಪಕ್ಕಕ್ಕೆ ಕರೆದು ಕೇಳಿದೆ. ಮನೆಗೆಲ್ಲ ಇರುವುದು ಒಂದೇ ಮೊಬೈಲು, ಅದು ನಸುಕಿಗೇ ಅಪ್ಪನ ಜೊತೆ ಬೋಟು ಹತ್ತುತ್ತದೆ ಎಂದಳು. ಗಾಳಿಮಳೆಯ ಸುದ್ದಿ, ಬಂದರಿನ ಮೀನಿನ ದರ ಎಲ್ಲ ಅದರಲ್ಲೇ. ಮಗಳ ಪಾಠ ಬಾಕಿ ಉಳಿಯಬಾರದೆಂದು ಅಪ್ಪ, ಸಿಗ್ನಲ್ ಸಿಗುವಷ್ಟು ದೂರ, ಒಂದರ ಹಿಂದೊಂದು ವಿಡಿಯೋ ಹಚ್ಚಿಡುತ್ತಿದ್ದರಂತೆ. ಬೋಟಿನವರು ಬಲೆ ಬಿಡುತ್ತ ನನ್ನ ಇಂಗ್ಲಿಷ್ ಕೇಳಿಸಿಕೊಂಡಿದ್ದರು. ನನಗೆ ನಗು ಬಂತು. ಆಮೇಲೆ ಉಳಿದವರನ್ನೂ ವಿಚಾರಿಸಿದೆ. ಭಟ್ಕಳ, ಕುಮಟಾದಿಂದ ಬರುವ ಎಷ್ಟೋ ಮಕ್ಕಳು ಮೊಬೈಲಿದ್ದೂ ವಿಡಿಯೋ ಹಚ್ಚಿಟ್ಟು ಮಲಗುತ್ತಿದ್ದರು.

ಅವಳ ಹೆಸರು ಹೇಳದೆ, ಎಷ್ಟೋ ಮಕ್ಕಳು ವಿಡಿಯೋ ಬರೀ ಹಚ್ಚಿಡುತ್ತಾರೆ, ನೋಡುತ್ತಿಲ್ಲವೆಂದು ಪ್ರಾಂಶುಪಾಲರಿಗೆ ಹೇಳಿದೆ. ಅವರು ಕಂಪ್ಯೂಟರ್ ನನ್ನತ್ತ ತಿರುಗಿಸಿದರು. ಎಲ್ಲರದ್ದೂ ಮುಗಿದಿದೆಯಲ್ಲ, ಮನೆಯಲ್ಲೇ ಇಷ್ಟು ಚೆನ್ನಾಗಿ ಕಲಿಯುವವರಿಗೆ ಮಾತಿನ ಕ್ಲಾಸು ಯಾಕೆ, ಮುಂದಿನ ವಾರದಿಂದ ಬೇಡ ಎಂದರು. ಜಗಳವಾಡಿದೆ, ಬೇಡಿಕೊಂಡೆ. ಕಲ್ಲಿನ ಮೇಲೆ ಮಳೆ ಸುರಿದಂತಾಯಿತು. ಇಷ್ಟು ವರ್ಷ ಕಲಿಸಿದ್ದಕ್ಕೆ ಬೆಲೆಯೇ ಇಲ್ಲ ಅನ್ನಿಸಿ ಮೈಯೆಲ್ಲ ಉರಿಯಿತು.

ಕ್ಲಾಸು ನಿಂತ ಸುದ್ದಿ ಹೇಳಿದಾಗ ಹುಡುಗಿ ಅಳಲಿಲ್ಲ.

“ಆತು ಮೇಡಂ,” ಎಂದಳು. ಆಮೇಲೆ ಕೇಳಿದಳು: “ಅಪ್ಪಂಗೆ ಎಂತ ಹೇಳೂದು? ನನ್ ಕ್ಲಾಸ್ ತಪ್ಪಬಾರ್ದು ಅಂತ್ಲೇ ಅವ್ರು ದಿನಾ ಹಚ್ಚೂದು.”

ಏನೂ ಹೇಳಬೇಡ, ಅವರು ಹಚ್ಚುತ್ತಲೇ ಇರಲಿ ಎಂದೆ. ನನ್ನಿಂದ ಆದದ್ದು ಅಷ್ಟೇ.