ರೇಲೀನ್ ಗಾಡಿಯಿಂದ ಇಳಿದದ್ದು

ಅಡಿಲೇಡ್‌ನ ಉತ್ತರಕ್ಕಿರುವ ಸಾಲ್ಸ್‌ಬರಿಯ ತಮ್ಮ ಮನೆಯನ್ನು ಮಾರಿ ಕ್ಯಾರವಾನ್ ಕೊಂಡಾಗ ರೇಲೀನ್ ಪ್ಯಾಸ್ಕೋಗೆ ಅರವತ್ತೆರಡು ವರ್ಷ. ಇಪ್ಪತ್ತನಾಲ್ಕು ವರ್ಷ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ಅವಳ ಮಂಡಿ, ಸೊಂಟ ಎರಡೂ ಸವೆದಿದ್ದವು. ಗಂಡ ನೆವಿಲ್ ಕಾರಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಾಗಿಲು ಕೂರಿಸಿದವನು. ಸಾಲಿನಲ್ಲಿ ಕಾರಿನ ಮೈ ಬರುವುದು, ಇವನು ಬಾಗಿಲು ಕೂರಿಸಿ ಒಮ್ಮೆ ತೆಗೆದು ಒಮ್ಮೆ ಹಾಕಿ ಸದ್ದು ಕೇಳುವುದು, ಅಷ್ಟರಲ್ಲಿ ಮುಂದಿನದು ಬರುವುದು. ಕಾರ್ಖಾನೆ ಮುಚ್ಚಿದ ಮೇಲೆ ಅವನು ಮನೆಯ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಕಳಚಿ ಕೂರಿಸಿದ. ಅವು ಮುಗಿದ ಮೇಲೆ ಪಕ್ಕದ ಮನೆಯವರ ಬಾಗಿಲುಗಳ ಮೇಲೆ ಕಣ್ಣು ಹಾಕಿದ. "ಇವನಿಗೆ ಏನಾದರೂ ಒಂದು ಕೈಗೆ ಕೊಡದಿದ್ದರೆ ಬೀದಿಯವರು ನಮ್ಮನ್ನು ಓಡಿಸುತ್ತಾರೆ" ಅನ್ನಿಸಿತು ಅವಳಿಗೆ. ಕ್ಯಾರವಾನ್ ಕೊಳ್ಳೋಣ ಎಂದು ಅವನು ಕೇಳಿದಾಗ ಅದಕ್ಕೇ ಬೇಗ ಹೂಂ ಅಂದುಬಿಟ್ಟಳು.

ಅದು ಜೀಪಿನ ಹಿಂದೆ ಕಟ್ಟಿ ಎಳೆಯುವ, ಡಾಂಬರು ರಸ್ತೆ ಮುಗಿದ ಮೇಲೂ ಹೋಗಬಲ್ಲ ಮನೆಗಾಡಿ. ಎತ್ತರದ ಚಕ್ರ, ದಪ್ಪ ಕಬ್ಬಿಣದ ಚೌಕಟ್ಟು, ಮುಂದೆ ಕಲ್ಲು ತಡೆಯುವ ಜಾಲರಿ. ಒಳಗೆ ಒಂದು ಮಂಚ, ಒಂದು ಒಲೆ, ಇಬ್ಬರು ಎದುರುಬದುರು ಕೂತರೆ ಮಂಡಿ ತಾಗುವ ಮೇಜು. ಮೊದಲ ಚಳಿಗಾಲದಲ್ಲೇ ಉತ್ತರದ ಮಣ್ಣುದಾರಿಗಳಲ್ಲಿ ಓಡಾಡಿ ಬಂದರು. ಆ ದಾರಿಗಳು ತಗಡಿನ ಸೂರಿನ ಹಾಗೆ ಅಲೆಯಲೆಯಾಗಿ ಎದ್ದಿರುತ್ತವೆ. ಸಂಜೆ ನಿಲ್ಲಿಸಿ ಬಾಗಿಲು ತೆಗೆದರೆ ಹೊದಿಕೆ, ತಟ್ಟೆ, ಬ್ರೆಡ್ಡಿನ ಚೀಲ ಎಲ್ಲದರ ಮೇಲೂ ಒಂದು ಪದರ ಕೆಂಪು ಧೂಳು. ಡ್ರಾಯರ್‌ಗಳು ಬಿಚ್ಚಿಕೊಂಡು ಚಮಚಗಳೆಲ್ಲ ನೆಲದ ಮೇಲೆ. ರೇಲೀನ್ ಗುಡಿಸುತ್ತಿದ್ದಳು. ನೆವಿಲ್ ಟಾರ್ಚು ಹಿಡಿದು ಗಾಡಿಯ ಕೆಳಗೆ ತೂರಿಕೊಳ್ಳುತ್ತಿದ್ದ.

ಅಲ್ಲಿಂದ ಶುರುವಾಯಿತು. ಮೇಲಿನಿಂದ ಗಾಳಿ ನುಗ್ಗಿ ಒಳಗೆ ಒತ್ತಡ ತುಂಬಿದರೆ ಸಂದುಗಳಿಂದ ಧೂಳು ಬರುವುದಿಲ್ಲವೆಂದು ಸೂರಿನಲ್ಲಿ ಗಾಳಿಕಿಂಡಿ ಕೊರೆದ. ಬಾಗಿಲಿನ ರಬ್ಬರು ಬದಲಿಸಿದ. ನೀರಿನ ಕೊಳವೆಗೆ ಕಲ್ಲು ಬಡಿಯುತ್ತದೆಂದು ತಗಡಿನ ಕವಚ ಹಾಕಿದ. ಇನ್ನೊಂದು ನೀರಿನ ಟ್ಯಾಂಕು, ಸೂರಿನ ಮೇಲೆ ಸೋಲಾರ್ ಹಲಗೆಗಳು, ಬ್ಯಾಟರಿಗಳು, ಎರಡನೇ ಸ್ಟೆಪ್ನಿ ಚಕ್ರ. ಪ್ರತಿಯೊಂದಕ್ಕೂ ಕಾರಣವಿತ್ತು, ಕಾರಣ ಸರಿಯಾಗಿಯೂ ಇರುತ್ತಿತ್ತು. ಅದೇ ಅವಳಿಗೆ ಸುಸ್ತು ತರುತ್ತಿದ್ದದ್ದು. ಬೇಡ ಅನ್ನಲು ಒಂದು ಎಳೆಯೂ ಸಿಗುತ್ತಿರಲಿಲ್ಲ.

ನಾಲ್ಕನೇ ವರ್ಷದ ಏಪ್ರಿಲ್‌ನಲ್ಲಿ ಅವರು ಮರ್ರೇ ನದಿಯ ದಂಡೆಯ ಮೇಲೆ ಬೀಡುಬಿಟ್ಟಿದ್ದರು. ಸಂಜೆ ನಾಲ್ಕೂವರೆಯಾದರೆ ಅಲ್ಲಿದ್ದವರೆಲ್ಲ ಮಡಚುವ ಕುರ್ಚಿ, ತಣ್ಣನೆ ಬಿಯರು ಹಿಡಿದು ಒಂದೆಡೆ ಸೇರುವ ರೂಢಿ. ಮಾತು ಎಲ್ಲಿಂದ ಹೊರಟರೂ ಬಂದು ನಿಲ್ಲುವುದು ಅಲ್ಲಿಗೇ: ಮತ್ತೊಮ್ಮೆ ಗಾಡಿ ಕಟ್ಟಿಸಿದರೆ ಏನು ಬದಲಾಯಿಸುತ್ತೀರಿ?

ಪಕ್ಕದ ಗಾಡಿಯ ರಸೆಲ್ ನಿವೃತ್ತ ಕೊಳಾಯಿ ಕೆಲಸಗಾರ. "ನಾನಾ? ಇದನ್ನ ಕಟ್ಟಿದನಲ್ಲ ಪುಣ್ಯಾತ್ಮ, ಅವನನ್ನ ಎಳ್ಕೊಂಡು ಬಂದು ಗಾಡಿ ಕೆಳಗೆ ಅಂಗಾತ ಮಲಗಿಸ್ತೀನಿ. ನೋಡಪ್ಪಾ, ಕೊಳವೆ ಎಲ್ಲಿ ಹಾಕಿದೀಯ ಅಂತ ನೀನೇ ನೋಡು ಅಂತೀನಿ" ಅಂದ.

"ನಾನು ಅವನ ಕೈಲಿ ಆ ಮಂಚಕ್ಕೆ ಒಂದು ಹಾಸುಬಟ್ಟೆ ಹಾಕಿಸ್ತೀನಿ," ಅಂದಳು ಅವನ ಹೆಂಡತಿ ಡೋರೀನ್. "ಮೂರು ಕಡೆ ಗೋಡೆ. ಹಾಸುಬಟ್ಟೆ ಹಾಕೋಕೆ ಮಂಚದ ಮೇಲೇ ಹತ್ತಬೇಕು, ಹತ್ತಿದ ಮೇಲೆ ನನ್ನ ಮೈ ಕೆಳಗಿರೋ ಬಟ್ಟೆ ಎಳೆಯೋದು ಹೇಗೆ?"

ಎಲ್ಲರೂ ನಕ್ಕರು. ನೆವಿಲ್‌ನ ಸರದಿ ಬಂದಾಗ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಡೋರೀನ್, "ಸಾಕು ಮಾರಾಯ, ನದಿ ಬತ್ತಿಹೋದೀತು. ರೇಲೀನ್, ನೀ ಹೇಳಮ್ಮ. ನಿಂಗೇನು ಬೇಕು?" ಅಂದಳು.

ರೇಲೀನ್ ಯೋಚಿಸಲೂ ಇಲ್ಲ. "ಇನ್ನೊಂದು ಕೋಣೆ. ಬಾಗಿಲಿರೋದು. ಹಾಕ್ಕೋಬೇಕು ಅಂದ್ರೆ ಹಾಕ್ಕೊಳ್ಳೋ ಹಾಗಿರಬೇಕು" ಅಂದಳು.

ಈ ಸಲ ನಗು ಜೋರಾಗಿಯೇ ಬಂತು. ರಸೆಲ್ ನೆವಿಲ್‌ನ ಬೆನ್ನಿಗೆ ಗುದ್ದಿ, "ಕೇಳಿಸ್ತೇನಯ್ಯಾ? ನಿನ್ನನ್ನ ಆಚೆ ಹಾಕಿ ಬಾಗಿಲು ಹಾಕ್ಕೊಳ್ತಾಳಂತೆ" ಅಂದ. ನೆವಿಲ್ ನಕ್ಕ ಹಾಗೆ ಮಾಡಿ ಬಾಟಲಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆಯುತ್ತ ಕೂತ.

ಅದಾದ ಮೇಲೆ ಮೂರು ವಾರ ಅವನು ದಿನಾ ಬೆಳಿಗ್ಗೆ ಜೀಪು ಹತ್ತಿ ಪಟ್ಟಣದ ಕ್ಯಾನ್ವಾಸ್ ಹೊಲಿಯುವವನ ಅಂಗಡಿಗೆ ಹೋಗುತ್ತಿದ್ದ. ಮೇ ತಿಂಗಳ ಮೊದಲ ಭಾನುವಾರ ಗಾಡಿಯ ಪಕ್ಕಕ್ಕೆ ಒಂದು ಕೋಣೆ ಎದ್ದು ನಿಂತಿತು. ಹಸಿರು ಕ್ಯಾನ್ವಾಸಿನ ಗೋಡೆ, ಕೆಳಗೆ ದಪ್ಪ ರಬ್ಬರಿನ ನೆಲಹಾಸು, ಅಲ್ಯೂಮಿನಿಯಂ ಕಂಬಗಳು. ಅಂಥ ಡೇರೆಗೆ ಯಾರೇ ಆದರೂ ಜಿಪ್ಪು ಹಾಕುತ್ತಾರೆ. ನೆವಿಲ್ ಪ್ಲೈವುಡ್ಡಿನ ನಿಜವಾದ ಬಾಗಿಲು ಕೂರಿಸಿದ್ದ, ಚೌಕಟ್ಟು, ತಿರುಗಣಿ, ಹಿತ್ತಾಳೆಯ ಚಿಲಕ ಸಮೇತ. ಒಮ್ಮೆ ತೆಗೆದು ಒಮ್ಮೆ ಹಾಕಿ ತೋರಿಸಿದ.

"ಸದ್ದು ಕೇಳಿದ್ಯಾ? ಒಂಚೂರೂ ಅದುರಲ್ಲ" ಅಂದ.

ಅವಳು ಬಾಗಿಲನ್ನು ಮುಟ್ಟಿ ನೋಡಿದಳು. ತನಗೆ ಅನ್ನಿಸಿದ್ದು ಕೃತಜ್ಞತೆಯೋ, ಇದನ್ನೂ ಇನ್ನು ಮೇಲೆ ದಿನಾ ಬಿಚ್ಚಿ ಕಟ್ಟಬೇಕಲ್ಲ ಎಂಬ ದಣಿವೋ ಅವಳಿಗೇ ತಿಳಿಯಲಿಲ್ಲ. "ಚೆನ್ನಾಗಿದೆ ಕಣೋ ನೆವ್" ಅಂದಳು.

ಅದೇ ತಿಂಗಳ ಕೊನೆಗೆ ಅವರು ಉತ್ತರಕ್ಕೆ ಹೊರಟರು. ಪೋರ್ಟ್ ಅಗಸ್ಟಾ ಊರು ಇನ್ನೂ ಹತ್ತು ನಿಮಿಷದ ದಾರಿ ಇರುವಾಗ ಕಿತ್ತಳೆ ಅಂಗಿ ತೊಟ್ಟ ಇಬ್ಬರು ಕೈ ಅಡ್ಡ ಹಿಡಿದು ಗಾಡಿಯನ್ನು ಪಕ್ಕಕ್ಕೆ ಹಾಕಿಸಿದರು. ಕ್ಯಾರವಾನ್‌ಗಳನ್ನು ತೂಗುವ ತಪಾಸಣೆ. ಅವರಲ್ಲಿ ಹಿರಿಯವನು ತಕ್ಕಡಿಯ ಹಲಗೆಗಳನ್ನು ಚಕ್ರದ ಕೆಳಗೆ ಸರಿಸಿ ಅಂಕಿ ಓದಿದ, ತಲೆ ಕೆರೆದುಕೊಂಡು ಇನ್ನೊಮ್ಮೆ ಓದಿದ.

"ಮುನ್ನೂರ ಎಪ್ಪತ್ತು ಕಿಲೋ ಜಾಸ್ತಿ ಇದೆ ಯಜಮಾನ್ರೇ. ಹೀಗೆ ಬಿಡೋಕಾಗಲ್ಲ. ಬ್ರೇಕು ಹಿಡಿಯಲ್ಲ, ನೀವು ಸಾಯೋದಲ್ದೆ ಇನ್ನೊಬ್ಬರನ್ನೂ ಸಾಯಿಸ್ತೀರಿ."

"ನಿಮ್ಮ ತಕ್ಕಡಿ ಸರಿಯಿದೆಯಾ?" ಅಂದ ನೆವಿಲ್.

"ಬೆಳಿಗ್ಗೆಯಿಂದ ಎಲ್ರೂ ಅದನ್ನೇ ಕೇಳ್ತಿದಾರೆ," ಅಂದ ಅವನು, ಬೇಸರವಿಲ್ಲದೆ.

ಮೊದಲು ಟ್ಯಾಂಕುಗಳ ನೀರು ಬಿಟ್ಟರು. ನೂರ ಎಂಬತ್ತು ಲೀಟರು ಕೆಂಪು ಮಣ್ಣಿನ ಮೇಲೆ ಹರಿದು ಕಣ್ಣೆದುರೇ ಇಂಗಿಹೋಯಿತು. ಎರಡನೇ ಸ್ಟೆಪ್ನಿ ಇಳಿಯಿತು. ಜನರೇಟರು ಇಳಿಯಿತು. ಡೀಸೆಲ್ ಡಬ್ಬಗಳು ಇಳಿದವು. ಜೀಪಿಗೆ ತುಂಬೋಣವೆಂದರೆ ಅದೂ ಆಗಲೇ ತನ್ನ ಮಿತಿ ಮುಟ್ಟಿತ್ತು. ಮತ್ತೆ ತೂಗಿದಾಗ ಇನ್ನೂ ಎಂಬತ್ತು ಕಿಲೋ ಉಳಿದಿತ್ತು.

ಉಳಿದದ್ದು ಎರಡೇ ದಾರಿ. ನೆವಿಲ್‌ನ ಕಬ್ಬಿಣದ ಹತಾರದ ಪೆಟ್ಟಿಗೆ ಒಂದೇ ತೊಂಬತ್ತೈದು ಕಿಲೋ. ಅದು ಬೇಡವೆಂದರೆ ಕ್ಯಾನ್ವಾಸ್ ಕೋಣೆ, ಜೊತೆಗೆ ರೇಲೀನ್‌ಳ ಹೊಲಿಗೆ ಯಂತ್ರ, ಅವಳ ಬಟ್ಟೆ, ಪುಸ್ತಕಗಳ ಪೆಟ್ಟಿಗೆ.

ನೆವಿಲ್ ಎರಡನ್ನೂ ನೋಡಿದ. ಅವನ ಕೈ ಹತಾರದ ಪೆಟ್ಟಿಗೆಯ ಮುಚ್ಚಳದ ಮೇಲಿತ್ತು. "ಹತಾರ ಇಲ್ದೆ ಆ ದಾರೀಲಿ ಹೋಗೋಕಾಗಲ್ಲ ರೇ," ಅಂದ. "ಕೋಣೆ ಈಗ ಇಳಿಸೋಣ. ಬರೋವಾಗ ತಗೊಂಡರಾಯ್ತು. ನಿನ್ನ ಹೊಲಿಗೆ ಯಂತ್ರಾನೂ."

ರೇಲೀನ್ ರಸ್ತೆಯ ಪಕ್ಕ ಸ್ಟೆಪ್ನಿ ಚಕ್ರದ ಮೇಲೆ ಕೂತಿದ್ದಳು. ಎದ್ದು ನಿಲ್ಲಲು ಹೋದರೆ ಮಂಡಿ ಹಿಡಿದುಕೊಂಡಿತು. ಹಾಗಾಗಿ ಕೂತಲ್ಲಿಂದಲೇ ಹೇಳಿದಳು:

"ಹಾಗಾದ್ರೆ ನನ್ನನ್ನೂ ಇಳಿಸಿಬಿಡು. ಎಪ್ಪತ್ತೆರಡು ಕಿಲೋ ಇದೀನಿ."

"ಮೇಡಂ, ನೀವು ಜೀಪಲ್ಲಿ ಕೂರ್ತೀರಲ್ವಾ? ಕ್ಯಾರವಾನ್ ತೂಕಕ್ಕೆ ನೀವು ಸೇರಲ್ಲ" ಅಂದ ಆ ಹಿರಿಯ ಅಧಿಕಾರಿ, ಸಹಾಯ ಮಾಡುವ ಧ್ವನಿಯಲ್ಲಿ.

ನೆವಿಲ್ ನಕ್ಕ. ಅವಳು ನಗಲಿಲ್ಲ. ಅವಳ ಮುಖ ನೋಡಿ ಆ ಅಧಿಕಾರಿ ಏನೋ ಬರೆದುಕೊಳ್ಳುವ ನೆಪದಲ್ಲಿ ಗಾಡಿಯ ಆ ಬದಿಗೆ ಹೋದ.

"ತಮಾಷೆಗೆ ಹೇಳ್ತಿಲ್ಲ ನೆವ್. ನಂಗೆ ಸಾಕಾಗಿದೆ. ದಿನಾ ಬಿಚ್ಚು, ದಿನಾ ಕಟ್ಟು, ದಿನಾ ಧೂಳು ಹೊಡಿ. ನೀನು ಏನೇನೋ ಸರಿಮಾಡ್ತಾನೇ ಇದೀಯ. ನಾಲ್ಕು ವರ್ಷ ಆಯ್ತು, ನಾನು ಒಂದೇ ಜಾಗದಲ್ಲಿ ಎರಡು ತಿಂಗಳು ಮಲಗಿಲ್ಲ. ಮುಂದಿನ ಊರಲ್ಲಿ ಕ್ಯಾರವಾನ್ ಪಾರ್ಕ್ ಇದೆಯಲ್ಲ, ಅಲ್ಲಿ ನನ್ನನ್ನ, ನನ್ನ ಕೋಣೇನ ಇಳಿಸು. ನೀನು ಹೋಗಿ ಬಾ."

"ಕೋಪಾನಾ?"

"ಕೋಪ ಮಾಡ್ಕೊಳ್ಳೋಕೂ ಶಕ್ತಿ ಬೇಕಲ್ಲಪ್ಪಾ."

ಅವನು ಬಹಳ ಹೊತ್ತು ಹತಾರದ ಪೆಟ್ಟಿಗೆಯ ಕೊಂಡಿಯನ್ನು ಹಾಕುತ್ತ ತೆಗೆಯುತ್ತ ನಿಂತ. ಆಮೇಲೆ ಫೋನು ತೆಗೆದು ಸಾಮಾನು ಸಾಗಿಸಲು ಊರಿನಿಂದ ಒಂದು ವ್ಯಾನು ಕರೆಸಿದ.

ಬಾಡಿಗೆ ಕೊಟ್ಟು ಗಾಡಿ, ಡೇರೆ ನಿಲ್ಲಿಸುವ ಆ ಪಾರ್ಕು ಸಮುದ್ರದ ಕೊಲ್ಲಿಯ ತುದಿಯಲ್ಲಿತ್ತು. ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಕೆಂಪು ಮರಳು. ನೆವಿಲ್ ಕೋಣೆಯನ್ನು ನಿಲ್ಲಿಸಿ, ಹಗ್ಗಗಳನ್ನು ಎರಡೆರಡು ಸಲ ಬಿಗಿದು, ಮಡಚುವ ಮಂಚ ಹಾಕಿ ಕೊಟ್ಟ. ಮಾರನೆಯ ದಿನ ಬೆಳಿಗ್ಗೆ ಹೊರಟ. ಮದುವೆಯಾಗಿ ನಲವತ್ತೊಂದು ವರ್ಷದಲ್ಲಿ ಅವನು ಅವಳನ್ನು ಬಿಟ್ಟು ದೂರದ ಪ್ರಯಾಣಕ್ಕೆ ಎಂದೂ ಹೊರಟಿರಲಿಲ್ಲ.

ಅವನ ಗಾಡಿ ಮರೆಯಾದ ಮೇಲೆ ಅವಳು ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಸರಿಸಿದಳು. ಆ ಕ್ಷಣಕ್ಕೆ ಏನೋ ಆಗುತ್ತದೆ ಎಂದುಕೊಂಡಿದ್ದಳು, ಅಳುವಾದರೂ ಬರುತ್ತದೆ ಎಂದು. ಏನೂ ಬರಲಿಲ್ಲ. ಬೂಟು ಕಳಚದೆ ಮಲಗಿದವಳು ಎದ್ದಾಗ ಮಧ್ಯಾಹ್ನ ಮೂರು ಗಂಟೆ. ಸಾರ್ವಜನಿಕ ಅಡುಗೆಮನೆಗೆ ಹೋಗಿ ಎರಡು ಮೊಟ್ಟೆ ಬೇಯಿಸಿ, ನಿಂತುಕೊಂಡೇ ತಿಂದು, ಮತ್ತೆ ಬಂದು ಮಲಗಿದಳು. ಮೊದಲ ವಾರವೆಲ್ಲ ಹೀಗೇ ಕಳೆಯಿತು. ಗಾಳಿ ಬೀಸಿದಾಗ ಕ್ಯಾನ್ವಾಸು ಪಟಪಟ ಬಡಿಯುತ್ತಿತ್ತು. ಬಾಗಿಲು ಮಾತ್ರ ಅದುರುತ್ತಿರಲಿಲ್ಲ.

ಎರಡನೇ ವಾರ ಪಾರ್ಕಿನ ಯಜಮಾನಿ ಗ್ಲೆನಿಸ್ ಬಂದು, "ಒಗೆಯೋ ಕೋಣೆ ನೋಡ್ಕೊಳ್ತಿದ್ದ ಹುಡುಗಿ ಕೆಲಸ ಬಿಟ್ಲು. ನೀವು ಆಸ್ಪತ್ರೇಲಿ ಅದೇ ಕೆಲಸ ಮಾಡ್ತಿದ್ರಂತಲ್ಲ? ದಿನಕ್ಕೆ ಮೂರು ಗಂಟೆ ಸಾಕು, ಜಾಗದ ಬಾಡಿಗೆ ಕೊಡೋದು ಬೇಡ" ಎಂದು ಕೇಳಿದಳು. ರೇಲೀನ್‌ಗೆ ಒಗೆಯುವ ಕೆಲಸವೆಂದರೆ ಪ್ರೀತಿಯೇನೂ ಇರಲಿಲ್ಲ. ಆದರೆ ಯಂತ್ರಗಳು ನಿಂತಲ್ಲೇ ನಿಂತಿರುತ್ತವಲ್ಲ ಎಂದು ಒಪ್ಪಿಕೊಂಡಳು.

ನೆವಿಲ್ ಉತ್ತರದ ಮರ್ರೀ ಎಂಬ ಸಣ್ಣ ಊರಿನಿಂದ ಒಮ್ಮೆ ಫೋನು ಮಾಡಿದ. ಆಮೇಲೆ ಸಿಗ್ನಲ್ ಇಲ್ಲದ ದಾರಿ. ಹತ್ತೊಂಬತ್ತನೇ ದಿನ ಮಧ್ಯಾಹ್ನ ಅವಳು ಕೋಣೆಯಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು.

"ರೇ, ಒಳಗೆ ಬರ್ಲಾ?"

ಅವನ ಹುಬ್ಬಿನ ಮೇಲೂ ಕೆಂಪು ಧೂಳು. ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಬಂದವನೇ ಅವಳ ಮಂಚದ ತುದಿಯಲ್ಲಿ ಕೂತ.

"ಗಾಡಿ ಚಕ್ರದ ಮೇಲಿನ ಸ್ಪ್ರಿಂಗಿನ ಹಿಡಿಕೆ ಬಿರುಕು ಬಿಡ್ತು," ಅಂದ. "ಎರಡು ದಿನ ದಾರೀಲೇ ಕೂತು ಸರಿಮಾಡ್ದೆ. ಹತಾರ ಇದ್ದಿದ್ದಕ್ಕೆ ಆಯ್ತು."

"ನೀನೇ ಸರಿ ಅಂತ ಹೇಳೋಕೆ ಬಂದ್ಯಾ?"

"ಇಲ್ಲ." ಅವನು ಬೆರಳಿನ ಬಟ್ಟೆ ನೋಡಿಕೊಂಡ. "ಸರಿಮಾಡಿ ಎದ್ದೆ. ತುಂಬ ಚೆನ್ನಾಗಿ ಕೂತಿತ್ತು. ನೋಡು ಅಂತ ಹೇಳೋಕೆ ತಿರುಗಿದ್ರೆ ಯಾರೂ ಇಲ್ಲ. ಒಂದು ಹದ್ದು ಇತ್ತು. ಅದಕ್ಕೆ ತೋರಿಸ್ದೆ."

ಅವಳಿಗೆ ನಗು ಬಂತು. ನಗುತ್ತಲೇ ಅವನನ್ನು ನೋಡಿದಳು. ಇವನ ಹೆಗಲು ಇಷ್ಟು ಇಳಿದದ್ದು ಯಾವಾಗ? ನಾಲ್ಕು ವರ್ಷ ತಾನೊಬ್ಬಳೇ ದಣಿದಿದ್ದೇನೆ ಎಂದುಕೊಂಡಿದ್ದಳು.

"ಧೂಳು?" ಎಂದು ಕೇಳಿದಳು.

"ಬರುತ್ತೆ. ಏನ್ ಮಾಡಿದ್ರೂ ಬರುತ್ತೆ ಕಣೇ. ಎಲ್ಲಿಂದ ಬರುತ್ತೆ ಅಂತ ಗೊತ್ತೇ ಆಗಲ್ಲ."

ಜೂನ್, ಜುಲೈ, ಆಗಸ್ಟ್, ಆ ಚಳಿಗಾಲವೆಲ್ಲ ಅವರು ಅಲ್ಲೇ ಉಳಿದರು. ನೆವಿಲ್ ಪಾರ್ಕಿಗೆ ಬಂದವರ ಗಾಡಿಗಳ ಕೆಳಗೆ ತೂರಿ ಬಿಟ್ಟಿಯಾಗಿ ರಿಪೇರಿ ಮಾಡಿಕೊಡುತ್ತಿದ್ದ. ಬೇಸಗೆಯ ಬಿಸಿಗೆ ಕ್ಯಾನ್ವಾಸು ತಡೆಯದೆ ಗ್ಲೆನಿಸ್‌ಳ ಎರಡು ಕೋಣೆಯ ಸಣ್ಣ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ಮುಂದಿನ ವರ್ಷ ಗಾಡಿ ಮಾರುವ ಮಾತನ್ನು ಎತ್ತಿದವನು ನೆವಿಲ್ಲೇ.

ಆದರೆ ಮಾರುವುದು ಸುಲಭವಾಗಲಿಲ್ಲ. ಕೊಳ್ಳಲು ಬಂದವರಿಗೆ ಅವನು ಗಾಡಿಯಲ್ಲಿ ಏನೇನು ಸರಿಯಿಲ್ಲ ಎಂದು ವಿವರಿಸಲು ಕೂರುತ್ತಿದ್ದ. "ಬ್ಯಾಟರಿ ಇಟ್ಟಿರೋ ಜಾಗ ತಪ್ಪು, ಇನ್ನೂ ಹಿಂದಕ್ಕಿಡಬೇಕಿತ್ತು. ಎರಡನೇ ಟ್ಯಾಂಕು ಬೇಕಾಗೇ ಇರ್ಲಿಲ್ಲ. ಮೆಟ್ಟಿಲು ಎತ್ತರ, ನನ್ನ ಹೆಂಡ್ತಿ ಮಂಡಿ ಹಾಳಾಯ್ತು." ಬಂದವರು ಗಾಡಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿ ಮನೆಗೆ ಹೋಗುತ್ತಿದ್ದರು. ಹಾಗೆ ಆರು ಜನ ಹೋದರು.

"ನೀನು ಮಾರ್ತಿದೀಯೋ, ತಪ್ಪೊಪ್ಪಿಗೆ ಕೊಡ್ತಿದೀಯೋ?" ಅಂದಳು ರೇಲೀನ್.

ಏಳನೆಯದಾಗಿ ಹತ್ತಿರದ ವೈಯಾಲಾ ಊರಿನಿಂದ ಬಂದ ಗಂಡ ಹೆಂಡಿರು ಮೂರು ಗಂಟೆ ಕೂತು ಕೇಳಿದರು. ಆ ಹೆಂಗಸು ಕೇಳಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಂಡಳು. ಶನಿವಾರ ಬಂದು ಗಾಡಿ ಎಳೆದುಕೊಂಡು ಹೋದರು. ಅದು ನಿಂತಿದ್ದ ಜಾಗದಲ್ಲಿ ಒಣಗಿದ ಹುಲ್ಲಿನ ಉದ್ದನೆಯ ಚೌಕ ಉಳಿಯಿತು. ರೇಲೀನ್‌ಗೆ ಹಗುರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ದಣಿವು ಅಷ್ಟು ಬೇಗ ಮೈಬಿಟ್ಟು ಹೋಗುವಂಥದಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ನೆವಿಲ್ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಅದೇ ಹೆಂಗಸು, ಎಲ್ಲೋ ಉತ್ತರದಿಂದ. ಸೂರಿನ ಗಾಳಿಕಿಂಡಿ ಸಿಕ್ಕಿಹಾಕಿಕೊಂಡಿದೆ, ಏನು ಮಾಡಬೇಕು? ನೆವಿಲ್ ಫೋನು ಹಿಡಿದು ಹೊರಗೆ ನೆರಳಿಗೆ ಹೋದ. "ಮೊದಲು ಎಡಗಡೆ ತಿರುಪು ನೋಡಮ್ಮ," ಎಂದು ಶುರುಮಾಡಿದ. ರೇಲೀನ್ ಕಾಲು ಚಾಚಿ ಮಲಗಿದ್ದಳು. ತಿರುಪು ಆಯಿತು, ರಬ್ಬರು ಬಂತು, ರಬ್ಬರಿನಿಂದ ಧೂಳಿಗೆ ಮಾತು ಹೊರಳಿತು. ಅದು ಮುಗಿಯುವುದರೊಳಗೆ ಅವಳಿಗೆ ನಿದ್ದೆ ಹತ್ತಿತು.